ಅಡಿಕೆ ಸುಲಿಯುವ ಯಂತ್ರದಿಂದ ಎಐವರೆಗೆ: ಉಳಿತಾಯವಾದ ಕೂಲಿ ಯಾರ ಜೇಬಿಗೆ ಹೋಯಿತು?

ಸಾಗರದ ತೋಟಿಗ

ಎಐ ಮಾತು ಎದ್ದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ: ಎಷ್ಟು ಕೆಲಸ ಹೋಗುತ್ತದೆ? 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬೋರ್ನ್ ಅಮೆರಿಕದ ಶೇ 47ರಷ್ಟು ಉದ್ಯೋಗಗಳಿಗೆ ಅಪಾಯ ಎಂದರು. ಮೂರು ವರ್ಷದ ನಂತರ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಲೆಕ್ಕ ಶೇ 9ಕ್ಕೆ ಇಳಿಯಿತು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್), ಜಗತ್ತಿನ ಸುಮಾರು ಶೇ 40ರಷ್ಟು ಉದ್ಯೋಗಗಳಿಗೆ ಎಐ ಬಿಸಿ ತಟ್ಟುತ್ತದೆ ಎಂದಿತು. ಒಬ್ಬೊಬ್ಬರದು ಒಂದೊಂದು ಅಳತೆ. ಇವುಗಳಲ್ಲಿ ಯಾವುದನ್ನು ಹಿಡಿದು ನೋಡಿದರೂ ನಮ್ಮ ಊರಿನಲ್ಲಿ ಏನಾಗುತ್ತದೆಂದು ತಿಳಿಯುವುದಿಲ್ಲ.

ನಮ್ಮ ಊರಿನಲ್ಲಿ ಆದದ್ದನ್ನು ಹೇಳುತ್ತೇನೆ. ಸುಲಿಯುವ ಯಂತ್ರ ಬರುವುದಕ್ಕೆ ಮೊದಲು, ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಯಿತೆಂದರೆ ಸಂಜೆ ಅಂಗಳದಲ್ಲಿ, ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲು. ಸುತ್ತಲಿನ ಕೇರಿಗಳ ಹೆಂಗಸರು ಬಂದು ಕುಳಿತರೆ ಏಳುವಾಗ ಮಧ್ಯರಾತ್ರಿ. ಹಸಿ ಅಡಿಕೆಯನ್ನು ಹಾಗೇ ಇಟ್ಟರೆ ಕೆಡುತ್ತದೆ. ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ನೀರಿನ ಗಟ್ಟಿ ರಸ) ಕೊಟ್ಟು ಒಣಗಿಸಬೇಕು. ಹಾಗಾಗಿ ಅವರಿಲ್ಲದೆ ಕೊಯ್ಲೇ ಇಲ್ಲ. ಕೂಲಿ ಡಬ್ಬದ ಲೆಕ್ಕದಲ್ಲಿ. ಈಗ ಯಂತ್ರದ ಬಾಯಿಗೆ ಸುರಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಸುಲಿಯದೆ ಹಾಗೇ ಬಂದದ್ದನ್ನು ಹೆಕ್ಕಲು ಇಬ್ಬರಿದ್ದರೆ ಸಾಕು.

ಅದೇ ತೋಟದಲ್ಲಿ ಕೊನೆಗಾರನ ಕತೆ ತದ್ವಿರುದ್ಧ. ಮರ ಹತ್ತುವವರು ಕಡಿಮೆಯಾದಷ್ಟೂ ಅವನ ಕೂಲಿ ಏರಿತು. ಅವನು ಹೇಳಿದ ದಿನವೇ ಕೊಯ್ಲು, ಅವನು ಕೇಳಿದ್ದೇ ದರ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು. ಅದನ್ನು ಸ್ವಂತಕ್ಕೆ ಕೊಂಡ ಹುಡುಗರು ಈಗ ಊರೂರು ಸುತ್ತಿ ಗುತ್ತಿಗೆ ಹಿಡಿಯುತ್ತಿದ್ದಾರೆ.

ಸುಲಿಯುವ ಕೂಲಿಯಲ್ಲಿ ಉಳಿದ ಹಣ ನನ್ನ ಕೈಯಲ್ಲಿ ಉಳಿಯಿತು. ಸಣ್ಣ ತೋಟದವರಲ್ಲಿ ಅದು ಯಂತ್ರ ಬಾಡಿಗೆಗೆ ಕೊಡುವವನಿಗೂ, ಬೆಳೆಯನ್ನು ಗುತ್ತಿಗೆ ಹಿಡಿಯುವ ಖೇಣಿದಾರನಿಗೂ ಹೋಯಿತು. ಆ ಹೆಂಗಸರಿಗೆ ಒಂದು ಪೈಸೆ ಹೋಗಲಿಲ್ಲ. ಬೆಂಗಳೂರಿನಲ್ಲಿ 2023ರ ಜುಲೈನಲ್ಲಿ ದುಕಾನ್ ಎಂಬ ಕಂಪನಿಯ ಮುಖ್ಯಸ್ಥರು, ಗ್ರಾಹಕ ಸೇವೆಯ ಶೇ 90ರಷ್ಟು ಸಿಬ್ಬಂದಿಯ ಜಾಗದಲ್ಲಿ ಚಾಟ್‌ಬಾಟ್ ಕೂರಿಸಿದ್ದಾಗಿ ತಾವೇ ಸಾರಿಕೊಂಡರು. ನನ್ನ ಅಕ್ಕನ ಮಗ ಬಿ.ಕಾಂ. ಮುಗಿಸಿ ಅಂಥದೇ ಕೆಲಸಕ್ಕೆ ಅಲೆಯುತ್ತಿದ್ದಾನೆ. ಕೆಲಸ ಎಷ್ಟು ಹೋಗುತ್ತದೆ ಎಂಬುದು ಪಕ್ಕಕ್ಕಿರಲಿ. ಉಳಿಯುವ ಹಣದಲ್ಲಿ ಕೆಲಸ ಕಳೆದುಕೊಂಡವರಿಗೆ ಪಾಲು ಸಿಕ್ಕ ಉದಾಹರಣೆ ಎಲ್ಲಾದರೂ ಇದೆಯೇ? ಇದ್ದರೆ ಹೇಗೆ ಸಿಕ್ಕಿತು?

ಪೀಣ್ಯದ ವರ್ಕ್‌ಶಾಪಿನವ

ಯಂತ್ರ ಇಟ್ಟುಕೊಂಡವನ ಜೇಬು ತುಂಬುತ್ತದೆ ಎನ್ನುವವರು ಒಮ್ಮೆ ನಮ್ಮ ಶೆಡ್‌ಗೆ ಬನ್ನಿ. ನನ್ನದು ವಾಹನಗಳ ಬಿಡಿಭಾಗಗಳನ್ನು ಲೇತಿನಲ್ಲಿ ಕಡೆಯುವ ಸಣ್ಣ ಘಟಕ. ಹಿಂದೆ ಒಂದು ಲೇತಿಗೆ ಒಬ್ಬ ಟರ್ನರ್. ಮೈಕ್ರೋಮೀಟರ್ ಹಿಡಿಯುವ ಮೊದಲೇ ಬೆರಳು ಸವರಿ ಅಳತೆ ಹೇಳುವಂಥ ಹಿರಿಯರಿದ್ದರು, ಅವರಿಗೆ ಅದಕ್ಕೆ ತಕ್ಕ ಸಂಬಳವಿತ್ತು. ಈಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ. ಐಟಿಐ ಮುಗಿಸಿದ ಒಬ್ಬ ಹುಡುಗ ಮೂರು ಯಂತ್ರ ನೋಡಿಕೊಳ್ಳುತ್ತಾನೆ. ಉಳಿತಾಯ ಆಯಿತಲ್ಲ ಎನ್ನುತ್ತೀರಿ. ಆಯಿತು. ಆದರೆ ನಮಗೆ ಆರ್ಡರ್ ಕೊಡುವ ದೊಡ್ಡ ಕಂಪನಿಯವರು ಪ್ರತಿ ವರ್ಷ ಬಂದು ದರ ಇಳಿಸಿ ಎನ್ನುತ್ತಾರೆ. ‘ನಿಮ್ಮಲ್ಲಿ ಸಿಎನ್‌ಸಿ ಇದೆಯಲ್ಲ, ಖರ್ಚು ಕಡಿಮೆಯಾಗಿರಬೇಕಲ್ಲ’ ಎಂದೇ ಮಾತು ಶುರು. ಇಳಿಸದಿದ್ದರೆ ಆರ್ಡರ್ ಕೊಯಮತ್ತೂರಿಗೆ. ಯಂತ್ರ ನನ್ನದು, ಇಎಂಐ ನನ್ನದು, ಉಳಿತಾಯ ಅವರದು.

ಇನ್ನೊಂದು. ಯಂತ್ರ ತರುತ್ತೇನೆಂದರೆ ಬ್ಯಾಂಕಿನವರು ಸಾಲ ಕೊಟ್ಟು ಅದನ್ನೇ ಅಡಮಾನ ಇಟ್ಟುಕೊಳ್ಳುತ್ತಾರೆ. ಹುಡುಗನಿಗೆ ಕೆಲಸ ಕಲಿಸುತ್ತೇನೆ, ಸಾಲ ಕೊಡಿ ಎಂದು ಕೇಳಿ ನೋಡಿ. ಕಲಿತ ಮೇಲೆ ಅವನು ಹೊಸೂರಿಗೆ ಹೊರಟರೆ ಅಡಮಾನ ಯಾವುದು ಎಂದು ಕೇಳುತ್ತಾರೆ. ಅದೂ ಸರಿಯೇ. ನಾವು ಹಟದಿಂದ ಯಂತ್ರ ತಂದದ್ದಲ್ಲ.

ನಿವೃತ್ತ ಗುಮಾಸ್ತ

ತೋಟಿಗರ ಪ್ರಶ್ನೆಗೆ ನನ್ನ ಬಳಿ ಒಂದು ಉದಾಹರಣೆ ಇದೆ: ಬ್ಯಾಂಕು.

ನಾನು ಸೇರಿದ ಕಾಲದಲ್ಲಿ ಎಲ್ಲವೂ ಲೆಡ್ಜರ್. ತೋಳಿನಷ್ಟು ಅಗಲದ ಪುಸ್ತಕ, ಒಂದೊಂದು ಖಾತೆಗೆ ಒಂದೊಂದು ಹಾಳೆ, ತಿಂಗಳಿಗೊಮ್ಮೆ ಬ್ಯಾಲೆನ್ಸ್ ಹೊಂದಿಸುವ ಶಿಕ್ಷೆ. ನಾಲ್ಕಾಣೆ ವ್ಯತ್ಯಾಸಕ್ಕೆ ರಾತ್ರಿ ಹತ್ತರವರೆಗೆ ಕೂತು ಹುಡುಕಿದ್ದೇವೆ. (ಚಹಾ ಮಾತ್ರ ಬ್ಯಾಂಕಿನ ಖರ್ಚು.) ಕಂಪ್ಯೂಟರ್ ಬರುತ್ತದೆಂದಾಗ ಸಂಘಗಳು ಬೀದಿಗಿಳಿದವು. ಈಗಿನವರು ಅದನ್ನು ನೆನೆದು ನಗುತ್ತಾರೆ, ಪ್ರಗತಿಗೆ ಅಡ್ಡ ನಿಂತ ಮುದುಕರು ಎನ್ನುತ್ತಾರೆ. ಆ ವಿರೋಧದಿಂದ ಏನು ಸಿಕ್ಕಿತು ಎಂಬುದನ್ನು ಯಾರೂ ಹೇಳುವುದಿಲ್ಲ. 1983ರಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ಸಂಘಗಳಿಗೂ ಯಂತ್ರಗಳ ಬಗ್ಗೆಯೇ ಒಪ್ಪಂದವಾಯಿತು. 1987ರಲ್ಲಿ, 1993ರಲ್ಲಿ ಮತ್ತೆ. ಎಲ್ಲೆಲ್ಲಿ ಯಂತ್ರ ಇಡಬಹುದು, ಅದರ ಮೇಲೆ ಕೂರುವವರಿಗೆ ಎಷ್ಟು ವಿಶೇಷ ಭತ್ಯೆ, ಇದರ ನೆಪದಲ್ಲಿ ಇದ್ದವರನ್ನು ಮನೆಗೆ ಕಳಿಸುವಂತಿಲ್ಲ ಎಂಬುದೆಲ್ಲ ಮೇಜಿನ ಮೇಲೆ ಕೂತು ತೀರ್ಮಾನವಾದದ್ದು. ಲೆಡ್ಜರ್ ಪೋಸ್ಟಿಂಗ್ ಯಂತ್ರದ ಮುಂದೆ ಕೂತವರಿಗೆ ಭತ್ಯೆ ಬಂತು. ಪಾಲು ಸಿಕ್ಕಿತೇ ಎಂದರೆ, ಸಿಕ್ಕಿತು.

ಆದರೆ ಕತೆಯ ಇನ್ನರ್ಧವನ್ನು ಮುಚ್ಚಿಡುವುದು ನ್ಯಾಯವಲ್ಲ. ನಮ್ಮನ್ನು ಯಾರೂ ತೆಗೆಯಲಿಲ್ಲ, ನಮ್ಮ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲೂ ಇಲ್ಲ. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹಣ ಪಡೆದು ಹೊರಟರು. ಆಮೇಲೆ ಎಟಿಎಂ ಕಾವಲುಗಾರ, ನಗದು ತುಂಬುವವನು, ಹಳ್ಳಿಯ ಬ್ಯಾಂಕ್ ಮಿತ್ರ, ಎಲ್ಲರೂ ಗುತ್ತಿಗೆ ಅಥವಾ ಕಮಿಷನ್. ನಾವು ಮಾಡಿಕೊಂಡ ಒಪ್ಪಂದ ನಮ್ಮನ್ನು ಕಾಪಾಡಿತು. ನಮ್ಮ ಮಕ್ಕಳಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು

ಗುಮಾಸ್ತರು ಹೇಳಿದ ಕೊನೆಯ ಮಾತು ಬಹಳ ಮುಖ್ಯ, ಅದಕ್ಕೆ ಹೊಸ ಪುರಾವೆಯೂ ಇದೆ. 2025ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಅಮೆರಿಕದ ಸಂಬಳ ಪಾವತಿ ದಾಖಲೆಗಳನ್ನು ಜಾಲಾಡಿದರು. ಎಐ ಹೆಚ್ಚು ತಟ್ಟುವ ವೃತ್ತಿಗಳಲ್ಲಿ 22ರಿಂದ 25ರ ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿತ್ತು. ಅದೇ ವೃತ್ತಿಗಳಲ್ಲಿ ಹಿರಿಯರ ಉದ್ಯೋಗ ನಿಂತಲ್ಲೇ ನಿಂತಿತ್ತು ಅಥವಾ ಬೆಳೆದಿತ್ತು. ಪತ್ರಿಕೆಗಳು ವಜಾ ಆದವರನ್ನು ಎಣಿಸುತ್ತವೆ. ಬಾಗಿಲಿನಿಂದ ಒಳಗೇ ಬಾರದವರನ್ನು ಎಣಿಸಲು ಯಾವ ರಿಜಿಸ್ಟರೂ ಇಲ್ಲ. ತೋಟಿಗರ ಅಕ್ಕನ ಮಗ ಯಾವ ವಜಾ ಪಟ್ಟಿಯಲ್ಲೂ ಸಿಗುವುದಿಲ್ಲ.

ಇನ್ನೊಂದು ಅಧ್ಯಯನ 2023ರದು, ಅರ್ಥಶಾಸ್ತ್ರಜ್ಞ ಬ್ರಿನ್‌ಯಾಲ್ಫ್‌ಸನ್ ಮತ್ತು ಸಂಗಡಿಗರದು, ಗ್ರಾಹಕ ಸೇವೆಯ ಐದು ಸಾವಿರ ಚಿಲ್ಲರೆ ನೌಕರರ ಮೇಲೆ. ಎಐ ಸಲಹೆ ಕೊಡತೊಡಗಿದ ಮೇಲೆ ಸರಾಸರಿ ಉತ್ಪಾದಕತೆ ಶೇ 14 ಹೆಚ್ಚಿತು. ಹೊಸಬರಲ್ಲಿ ಶೇ 34. ನುರಿತವರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಇದನ್ನು ಸಮಾನತೆ ಎಂದು ಹೊಗಳಿದವರಿದ್ದಾರೆ. ಆದರೆ ಆ ಯಂತ್ರ ಕಲಿತದ್ದು ನುರಿತವರು ಗ್ರಾಹಕರೊಂದಿಗೆ ಆಡಿದ ಮಾತುಗಳಿಂದ. ಅವರ ಕಸುಬನ್ನು ತೆಗೆದು ಎಲ್ಲರಿಗೂ ಹಂಚಿದಂತಾಯಿತು, ಅದಕ್ಕೆ ಅವರಿಗೆ ಬೆಲೆ ಕಟ್ಟುವ ಪದ್ಧತಿ ಇನ್ನೂ ಹುಟ್ಟಿಲ್ಲ. ಪೀಣ್ಯದವರು ಹೇಳಿದ ಬೆರಳಲ್ಲೇ ಅಳತೆ ಹೇಳುವ ಟರ್ನರನ ಪಾಡೂ ಇದೇ.

ಇನ್ನು ನಮ್ಮ ದೇಶದ ಹಿನ್ನೆಲೆ. ವರ್ಲ್ಡ್ ಇನಿಕ್ವಾಲಿಟಿ ಲ್ಯಾಬ್‌ನ 2024ರ ಲೆಕ್ಕದಂತೆ 2022–23ರಲ್ಲಿ ಭಾರತದ ಮೇಲ್ತುದಿಯ ಶೇ 1ರಷ್ಟು ಜನರ ಕೈಯಲ್ಲಿ ದೇಶದ ಆದಾಯದ ಶೇ 22.6, ಸಂಪತ್ತಿನ ಶೇ 40.1 ಇತ್ತು. ಎಐ ಬಂದು ಅಸಮಾನತೆ ತರುತ್ತದೆ ಎಂಬುದೇ ತಪ್ಪು ಚಿತ್ರ. ಅದು ಬರುತ್ತಿರುವುದು ಇಂಥ ಮನೆಗೆ. ಆರ್ಥಿಕ ಚರಿತ್ರೆಯಲ್ಲಿ ‘ಎಂಗೆಲ್ಸ್ ವಿರಾಮ’ ಎಂದು ಕರೆಯುವ ಅವಧಿ ಇದೆ: ಬ್ರಿಟನ್ನಿನಲ್ಲಿ 19ನೇ ಶತಮಾನದ ಮೊದಲರ್ಧದಲ್ಲಿ ಉತ್ಪಾದನೆ ಏರುತ್ತಲೇ ಹೋಯಿತು, ಕೂಲಿ ಮಾತ್ರ ಹಾಗೇ ನಿಂತಿತು. ಆಮೇಲೆ ಏರಿತು, ನಿಜ. ಆದರೆ ನಡುವಿನ ಆ ದಶಕಗಳಲ್ಲಿ ದುಡಿದು ಸತ್ತವರಿಗೆ ‘ಆಮೇಲೆ’ ಎಂಬುದೇ ಇರಲಿಲ್ಲ.

ಶಿವಮೊಗ್ಗದ ಹೊಲಿಗೆಯವಳು

ಮೇಷ್ಟ್ರೇ, ನಿಮ್ಮ ಲೆಕ್ಕಗಳನ್ನು ಓದಿದೆ. ತೋಟಿಗರು ಬರೆದ ಅಂಗಳದಲ್ಲಿ ಕುಳಿತಿದ್ದವರಲ್ಲಿ ನನ್ನ ಅವ್ವನೂ ಒಬ್ಬಳು. ಊರು ಬೇರೆ ಇರಬಹುದು, ಅಂಗಳ ಒಂದೇ.

ಮೊದಲು ಒಂದು ಮಾತು. ಆ ಕೆಲಸವನ್ನು ಹಬ್ಬದಂತೆ ವರ್ಣಿಸುವವರನ್ನು ಕಂಡರೆ ನನಗೆ ರೇಗುತ್ತದೆ. ಹಗಲೆಲ್ಲ ಗದ್ದೆಯಲ್ಲಿ ಬಗ್ಗಿ, ರಾತ್ರಿ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತರೆ ಸೊಂಟ ಎಂಬುದು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೆರಳ ಸಂದಿಯೆಲ್ಲ ಕಪ್ಪು. ಕೊಯ್ಲು ಮುಗಿದು ತಿಂಗಳಾದರೂ ಅವ್ವನ ಕೈ ತೊಳೆದರೆ ಬಣ್ಣ ಹೋಗುತ್ತಿರಲಿಲ್ಲ. ಮಳೆಗಾಲದಲ್ಲಿ ತಂದ ಮುಂಗಡ ತೀರಿಸಲು ಸುಲಿಯಲು ಹೋಗುತ್ತಿದ್ದವರೇ ಹೆಚ್ಚು. ಯಂತ್ರ ಬಂದದ್ದಕ್ಕೆ ನಾನು ಅಳುವವಳಲ್ಲ.

ಆದರೆ ಆ ದುಡ್ಡು ಅವ್ವನದಾಗಿತ್ತು. ವರ್ಷದಲ್ಲಿ ಅಪ್ಪನ ಕೈ ದಾಟದೆ ನೇರ ಅವಳ ಸೆರಗಿನ ಗಂಟಿಗೆ ಬರುತ್ತಿದ್ದದ್ದು ಅದೊಂದೇ. ನನ್ನ ಶಾಲೆಯ ಚೀಲ, ತಂಗಿಯ ಕಿವಿಯೋಲೆ, ಎಲ್ಲ ಅದರಲ್ಲೇ ಆದದ್ದು. ಯಂತ್ರ ಬಂದ ಮೇಲೆ ಕೆಲಸ ಹೋದದ್ದು ಹೆಂಗಸರದು, ಯಂತ್ರ ಓಡಿಸುವ ಕೆಲಸ ಸಿಕ್ಕಿದ್ದು ಗಂಡಸರಿಗೆ. ಇದನ್ನು ನಿಮ್ಮಲ್ಲಿ ಯಾರೂ ಹೇಳಲಿಲ್ಲ.

ನಾನು ಈಗ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದೇನೆ. ಅಲ್ಲಿಯೂ ಹೊಸ ಯಂತ್ರಗಳು ಬಂದಿವೆ, ಹೊಲಿಗೆ ಮುಗಿದ ಕೂಡಲೇ ದಾರವನ್ನು ತಾನೇ ಕತ್ತರಿಸುತ್ತದೆ. ಮೊದಲು ಪ್ರತಿ ಸಾಲಿನಲ್ಲಿ ಕತ್ತರಿ ಹಿಡಿದು ದಾರ ಕತ್ತರಿಸುವ ಹೆಲ್ಪರ್ ಇರುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿಯರು ಅಲ್ಲಿಂದಲೇ ಶುರು ಮಾಡುತ್ತಿದ್ದದ್ದು. ಆ ಮೆಟ್ಟಿಲೇ ಈಗ ಇಲ್ಲದಂತಾಗುತ್ತಿದೆ. ನಮಗೇನಾಯಿತು ಎಂದರೆ, ಪ್ರತಿ ಪೀಸಿನಲ್ಲಿ ಉಳಿದ ಆ ಕೆಲವು ಸೆಕೆಂಡುಗಳನ್ನು ಕೂಡಿಸಿ ಗಂಟೆಯ ಟಾರ್ಗೆಟ್ ಏರಿಸಿದರು. ಸಂಬಳ ಅಷ್ಟೇ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದವರು ನಮ್ಮ ಸಾಲಿನಲ್ಲಿದ್ದಾರೆ. ಕೆಲಸ ಹೋಗುವುದೊಂದೇ ನಷ್ಟವಲ್ಲ ಸ್ವಾಮಿ. ಉಳಿದ ಕೆಲಸ ಹೇಗೆ ಉಳಿಯುತ್ತದೆ ಎಂಬುದನ್ನೂ ನೋಡಿ.

ಬೈಕ್ ಡೆಲಿವರಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮಗೆ ಮೇಲಧಿಕಾರಿಯೇ ಯಂತ್ರ. ಯಾವ ಆರ್ಡರ್, ಎಷ್ಟು ದುಡ್ಡು, ನಾಳೆ ಐಡಿ ಇರುತ್ತದೋ ಇಲ್ಲವೋ, ಎಲ್ಲ ಆ್ಯಪ್ ಹೇಳುತ್ತದೆ. ಒಮ್ಮೆ ಗ್ರಾಹಕರ ಒಂದು ದೂರಿಗೆ ನನ್ನ ಐಡಿ ಬ್ಲಾಕ್ ಆಯಿತು. ಯಾರನ್ನು ಕೇಳುವುದು? ಚಾಟ್‌ನಲ್ಲಿ ಕೇಳಿದರೆ ಉತ್ತರಿಸುವುದೂ ಯಂತ್ರವೇ.

ಬೆಂಚಿನ ಮೇಲಿರುವವ (ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಇಲ್ಲದೆ ಕಾಯುತ್ತಿರುವವ)

ಡೆಲಿವರಿ ಮಾಡುವವರಿಗೆ ಈಗ ಕನಿಷ್ಠ ಒಂದು ಕಾನೂನಾದರೂ ಇದೆ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ) ಕಾಯ್ದೆಯ ಪ್ರಕಾರ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ಕಾರ್ಮಿಕನಿಗೆ ತಿಳಿಸಬೇಕು. ತೆಗೆದುಹಾಕುವ ಮುನ್ನ 14 ದಿನಗಳ ನೋಟಿಸು, ಕಾರಣ ಸಹಿತ. ಕಾಗದದಿಂದ ಫೋನಿಗೆ ಇಳಿಯುವುದು ಬೇರೆ ಮಾತು. ಆದರೂ ಯಂತ್ರದ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕು ಬರಹದಲ್ಲಿ ಬಂತು.

ನಾವು ಐಟಿಯವರು ಇಷ್ಟು ವರ್ಷ ಸಂಘ ಎಂದರೆ ಕಾರ್ಖಾನೆಯವರದು ಎಂದು ಮೂಗು ಮುರಿದವರು. ಕೆಲಸದ ಷರತ್ತುಗಳನ್ನು ಬರಹದಲ್ಲಿ ಗೊತ್ತುಪಡಿಸಲು ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದ ಸ್ಥಾಯಿ ಆದೇಶಗಳ ಕಾನೂನಿನಿಂದ ನಮ್ಮ ಕಂಪನಿಗಳಿಗೆ ರಾಜ್ಯದಲ್ಲಿ ವರ್ಷಗಳಿಂದ ವಿನಾಯಿತಿ ಇತ್ತು, 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಿದರು. ನಮ್ಮಲ್ಲಿ ಎಷ್ಟು ಜನ ಆ ಸುದ್ದಿ ಓದಿದೆವು? 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2, ಅಂದರೆ 12 ಸಾವಿರದಷ್ಟು ಜನರನ್ನು ಕೈಬಿಡುವುದಾಗಿ ಹೇಳಿದಾಗ ಎಲ್ಲರೂ ಬೆಚ್ಚಿಬಿದ್ದರು. ಇದಕ್ಕೆ ಎಐ ಕಾರಣವಲ್ಲ, ಕೌಶಲ ಹೊಂದದ್ದೇ ಕಾರಣ ಎಂದರು ಅದರ ಮುಖ್ಯಸ್ಥರು. ಇರಬಹುದು. ಆದರೆ ಹೊಸಬರ ಆರಂಭಿಕ ಸಂಬಳ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕದಲದೆ ನಿಂತಿದ್ದು ಎಐ ಬರುವ ಮೊದಲೇ. ಚೌಕಾಸಿ ಮಾಡುವ ಶಕ್ತಿ ನಮಗೆ ಆಗಲೂ ಇರಲಿಲ್ಲ, ಎಲ್ಲರಿಗೂ ಕೆಲಸ ಸಿಗುತ್ತಿದ್ದುದರಿಂದ ಅದು ಕಾಣಿಸಲಿಲ್ಲ.

ಪೀಣ್ಯದ ವರ್ಕ್‌ಶಾಪಿನವ

ಗುಮಾಸ್ತರ ಬ್ಯಾಂಕು ಸರ್ಕಾರದ್ದು, ಆರ್ಡರ್ ಕೊಯಮತ್ತೂರಿಗೆ ಹೋಗುವ ಭಯ ಇರಲಿಲ್ಲ. ಹಾಗಾಗಿ ಒಪ್ಪಂದ ಸಾಧ್ಯವಾಯಿತು. ನನ್ನ ಶೆಡ್ಡಿನಲ್ಲಿ ಒಪ್ಪಂದ ಮಾಡಿಕೊಂಡರೆ ಮರುದಿನವೇ ಬೀಗ.

ನಿವೃತ್ತ ಗುಮಾಸ್ತ

ಒಪ್ಪುತ್ತೇನೆ. ಅದಕ್ಕೇ ಒಂದು ಶೆಡ್ಡಿನಲ್ಲಿ ಆಗುವ ಮಾತಲ್ಲ ಅದು. ನಮ್ಮ ಒಪ್ಪಂದವೂ ಒಂದು ಬ್ಯಾಂಕಿನದಾಗಿರಲಿಲ್ಲ, ಇಡೀ ಉದ್ಯಮದ್ದು. ನಿಮ್ಮಿಂದ ವರ್ಷವರ್ಷ ದರ ಇಳಿಸಿಕೊಳ್ಳುವ ದೊಡ್ಡ ಕಂಪನಿಯ ಎದುರು ಪೀಣ್ಯದ ಮಾಲೀಕರೆಲ್ಲ ಒಟ್ಟಾಗಿ ಕೂತು ಮಾತಾಡಿದ್ದುಂಟೇ ಸರ್? ನಿಮ್ಮ ಸ್ಥಿತಿಯೂ ಆ ಸುಲಿಯುವ ಹೆಂಗಸರ ಸ್ಥಿತಿಯೇ, ಇಎಂಐ ಒಂದು ಹೆಚ್ಚು.

ಸಾಗರದ ತೋಟಿಗ

ಹೊಲಿಗೆಯವರು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ‘ಯಂತ್ರಕ್ಕೆ ಸಬ್ಸಿಡಿ ಕೊಟ್ಟರಲ್ಲ, ಅದನ್ನು ಯಾರ ಹೆಸರಿಗೆ ಕೊಟ್ಟರು ಎಂದು ಬರೆಯಿರಿ’ ಎಂದಳು. ಬರೆಯುತ್ತೇನೆ. ಕೃಷಿ ಯಾಂತ್ರೀಕರಣಕ್ಕೆಂದು ಕೇಂದ್ರದ ಯೋಜನೆಯಡಿ ಯಂತ್ರೋಪಕರಣಗಳಿಗೆ ಸಾಮಾನ್ಯವಾಗಿ ಬೆಲೆಯ ಶೇ 40ರಿಂದ 50ರಷ್ಟು ಸಹಾಯಧನ ಸಿಗುತ್ತದೆ. ಅರ್ಜಿಗೆ ಪಹಣಿ ಬೇಕು. ಪಹಣಿ ಇರುವುದು ನನ್ನ ಬಳಿ. ಯಂತ್ರದಿಂದ ಕೆಲಸ ಕಳೆದುಕೊಳ್ಳುವವಳ ಬಳಿ ಭೂಮಿಯಿಲ್ಲ, ಹಾಗಾಗಿ ಪಹಣಿಯೂ ಇಲ್ಲ. ಅಂದರೆ ಸರ್ಕಾರ ತೆರಿಗೆಯ ಹಣ ಹಾಕಿ ಒಂದು ಕಡೆಯವರ ಕೈ ಬಲಪಡಿಸಿತು. ಆ ತೆರಿಗೆಯಲ್ಲಿ ಅವಳು ಕೊಂಡ ಸೋಪು, ಸೀರೆಯದ್ದೂ ಇದೆ.

ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಹನ್ನೆರಡರವರೆಗೆ ಯಾರನ್ನೂ ಕೂರಿಸುವ ಆಸೆ ನನಗಿಲ್ಲ, ಕೂರಲು ಜನವೂ ಸಿಗುವುದಿಲ್ಲ. ಸಬ್ಸಿಡಿ ಕೊಡುವಾಗಲೇ ಒಂದು ಷರತ್ತು ಹಾಕಬಹುದಿತ್ತು ಎನ್ನುತ್ತೇನೆ. ಎಐಗೆ ಈಗ ಸರ್ಕಾರಗಳು ಜಾಗ, ವಿದ್ಯುತ್ತು, ರಿಯಾಯಿತಿ ಕೊಡುತ್ತಿವೆಯಲ್ಲ, ಅಲ್ಲಿಯೂ ಷರತ್ತು ಹಾಕುವ ಹೊತ್ತು ಇದೇ. ಕೊಟ್ಟ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು

ಷರತ್ತಿನ ಜೊತೆಗೆ ಒಡೆತನದ ಮಾತೂ ಬರಲಿ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಚಾಮರಾಜನಗರದ ಕಡೆಯ ಹಳ್ಳಿಯವರಿಂದ ಕನ್ನಡ ವಾಕ್ಯಗಳನ್ನು ಓದಿಸಿ ಎಐ ತರಬೇತಿಗೆ ಧ್ವನಿ ಸಂಗ್ರಹಿಸಿತು. ಗಂಟೆಗೆ ಸುಮಾರು 5 ಡಾಲರ್ ಕೊಟ್ಟದ್ದು 2023ರಲ್ಲಿ ಸುದ್ದಿಯಾಯಿತು. ನನ್ನ ಕಣ್ಣಿಗೆ ಬಿದ್ದದ್ದು ಆ ದರಕ್ಕಿಂತ ಇನ್ನೊಂದು ಏರ್ಪಾಡು: ಅದೇ ಧ್ವನಿ ಮತ್ತೊಬ್ಬರಿಗೆ ಮಾರಾಟವಾದರೆ ಓದಿದವರಿಗೆ ಮತ್ತೆ ಪಾಲು. ಸಣ್ಣ ಪ್ರಯೋಗ, ಒಬ್ಬೊಬ್ಬರಿಗೆ ಸಿಗುವ ಕೆಲಸವೂ ಸೀಮಿತ. ಆದರೂ ತೋಟಿಗರು ಮೊದಲು ಕೇಳಿದ ಪ್ರಶ್ನೆಗೆ ಇದೂ ಒಂದು ಉತ್ತರ.

ಶಿವಮೊಗ್ಗದ ಹೊಲಿಗೆಯವಳು

ಉತ್ತರಗಳು ಚೆನ್ನಾಗಿವೆ. ನಾನು ಕೇಳುವುದು ಇಷ್ಟು: ನಮ್ಮ ಊರಿನ ಸ್ತ್ರೀಶಕ್ತಿ ಸಂಘದವರು ಸುಲಿಯುವ ಯಂತ್ರವನ್ನು ತಾವೇ ಕೊಂಡು ಬಾಡಿಗೆಗೆ ಓಡಿಸಬೇಕೆಂದಿದ್ದಾರೆ. ಅವ್ವನೂ ಸದಸ್ಯೆ. ಪಹಣಿ ಇಲ್ಲದೆ ಸಂಘದ ಹೆಸರಿನಲ್ಲಿ ಸಾಲ, ಸಹಾಯಧನ ಸಿಗುತ್ತದೆಯೇ? ತೋಟಿಗರೇ, ಸಿಕ್ಕರೆ ನಿಮ್ಮಂಥವರು ಖೇಣಿದಾರನ ಯಂತ್ರ ಬಿಟ್ಟು ಹೆಂಗಸರ ಯಂತ್ರ ಕರೆಸುತ್ತೀರಾ? ದರ ಅವನಿಗಿಂತ ಐದು ಪೈಸೆ ಹೆಚ್ಚಿದ್ದರೆ?

ನಿವೃತ್ತ ಗುಮಾಸ್ತ

ಬಾಡಿಗೆ ಯಂತ್ರ ಕೇಂದ್ರ ಎಂಬ ವಿಭಾಗದಲ್ಲಿ ಸ್ವಸಹಾಯ ಗುಂಪುಗಳಿಗೂ ಅವಕಾಶವಿದೆ. ಸಂಘದ ನಡಾವಳಿ ಪುಸ್ತಕ, ಉಳಿತಾಯ ಖಾತೆಯ ವಹಿವಾಟು, ಹಿಂದಿನ ಸಾಲ ತೀರಿಸಿದ ದಾಖಲೆ ಇದ್ದರೆ ಬ್ಯಾಂಕಿನವರಿಗೆ ಇಲ್ಲ ಎನ್ನುವುದು ಕಷ್ಟ. ಮೊದಲು ತಾಲ್ಲೂಕಿನ ಕೃಷಿ ಮತ್ತು ತೋಟಗಾರಿಕೆ ಕಚೇರಿಗಳಲ್ಲಿ ಈ ವರ್ಷದ ಪಟ್ಟಿಯಲ್ಲಿ ಸುಲಿಯುವ ಯಂತ್ರ ಇದೆಯೇ ಎಂದು ಕೇಳಿಸಿ. ಕಾಗದಪತ್ರಗಳ ಪ್ರತಿಯನ್ನು ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳಿಸಿ, ನೋಡಿಕೊಡುತ್ತೇನೆ.

ಸಾಗರದ ತೋಟಿಗ

ನಾನು ಕರೆಸುತ್ತೇನೆ, ಐದು ಪೈಸೆ ಹೆಚ್ಚಾದರೂ. ಪಕ್ಕದ ತೋಟದವರು ಕರೆಸುತ್ತಾರೆಂದು ಮಾತ್ರ ಭರವಸೆ ಕೊಡಲಾರೆ; ಖೇಣಿದಾರ ಬೆಳೆಗೆ ಮುಂಗಡ ಕೊಟ್ಟಿರುತ್ತಾನೆ, ಅವನ ಯಂತ್ರವೇ ಬರಬೇಕು ಎನ್ನುತ್ತಾನೆ. ಮುಂಗಡ ತೆಗೆದುಕೊಳ್ಳದ ತೋಟಗಳನ್ನು ಮೊದಲು ಹಿಡಿಯಿರಿ. ಅಂಥವು ಎಲ್ಲೆಲ್ಲಿ ಇವೆ ಎಂದು ನಾನು ಕೇಳಿ ಹೇಳುತ್ತೇನೆ.

ಪೀಣ್ಯದ ವರ್ಕ್‌ಶಾಪಿನವ

ಕೊಳ್ಳುವ ಮೊದಲು ಆ ಕೇರಿಗೆ ಸಿಂಗಲ್ ಫೇಸ್ ವಿದ್ಯುತ್ತೋ ತ್ರೀ ಫೇಸೋ ನೋಡಿಕೊಳ್ಳಿ, ಮೋಟಾರ್ ಅದಕ್ಕೆ ತಕ್ಕಂತೆ ಇರಬೇಕು. ಒಳಗಿನ ಬ್ಲೇಡು, ಬೇರಿಂಗು ಸವೆದರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಬೇರಿಂಗ್ ಬದಲಿಸುವುದನ್ನು ಸಂಘದ ಇಬ್ಬರಾದರೂ ಕಲಿಯಲಿ, ಇಲ್ಲದಿದ್ದರೆ ಕೊಯ್ಲಿನ ನಡುವೆ ಮೆಕ್ಯಾನಿಕ್ ಕೇಳಿದ್ದು ಕೊಡಬೇಕಾಗುತ್ತದೆ. ಯಾವ ಮಾದರಿ ಎಂದು ತೀರ್ಮಾನವಾದ ಮೇಲೆ ಫೋಟೊ ಹಾಕಿ.